ಬಾಟಲಿ ಅವರದು, ಕಸ ಮಾತ್ರ ನಮ್ಮದು!

ನಿಮ್ಮ ಅಪ್ಪನನ್ನೋ ಅಜ್ಜನನ್ನೋ ಒಂದು ಸಲ ಕೇಳಿ ನೋಡಿ. ಆ ಕಾಲದಲ್ಲಿ ಸೋಡಾ ಅಂಗಡಿಯವನು ಬಾಟಲಿಯನ್ನು ಮನೆಗೆ ಒಯ್ಯಲು ಸುಮ್ಮನೆ ಬಿಡುತ್ತಿದ್ದನೇ? ಇಲ್ಲ. ಅಂಗಡಿ ಮುಂದೆ ನಿಂತು ಕುಡಿ, ಖಾಲಿ ಬಾಟಲಿಯನ್ನು ಕ್ರೇಟಿಗೆ ಇಡು, ಆಮೇಲೆ ಹೊರಡು. ಒಯ್ಯಲೇಬೇಕು ಅಂದರೆ ಬಾಟಲಿಯ ದುಡ್ಡು ಮುಂಗಡ ಇಟ್ಟು ಹೋಗು, ವಾಪಸ್ ತಂದಾಗ ತಗೋ. ಗೋಲಿ ಸೋಡಾಕ್ಕೂ ಅದೇ ಕಾನೂನು, ಅಮೆರಿಕದ ಕೋಲಾಕ್ಕೂ ಅದೇ ಕಾನೂನು. ಯಾಕೆಂದರೆ ಬಾಟಲಿ ಕಂಪನಿಯ ಆಸ್ತಿ, ಒಡೆದರೆ ಅವನಿಗೇ ನಷ್ಟ. ಅದಕ್ಕೇ ಒಂದೊಂದು ಗಾಜಿನ ಬಾಟಲಿಯ ಹಿಂದೆಯೂ ಲಾರಿ ಕಳಿಸಿ, ಲೆಕ್ಕ ಇಟ್ಟು, ತೊಳೆದು, ಮತ್ತೆ ತುಂಬಿಸಿ ಮಾರುತ್ತಿದ್ದರು.

ಈಗ ನಿಮ್ಮ ಕೈಯಲ್ಲಿರುವ ಪ್ಲಾಸ್ಟಿಕ್ ಬಾಟಲಿ ನೋಡಿ. ಮುಚ್ಚಳ ತಿರುಗಿಸಿದ ಮೇಲೆ ಅದು ಯಾರದು? ಕಂಪನಿಯದಲ್ಲ, ಅಂಗಡಿಯವನದಲ್ಲ, ನಿಮ್ಮದು. ಕುಡಿದು ಮುಗಿಸಿದಿರೋ, ಅದು ನಿಮ್ಮ ಬೀದಿಯದು. ಆಮೇಲೆ ಪಾಲಿಕೆಯದು, ಆಮೇಲೆ ಯಾವುದೋ ಹಳ್ಳಿಯ ಕಲ್ಲುಕ್ವಾರಿಯದು. ಕಂಪನಿ ಮಾಡಿದ ಜಾಣತನ ಇಷ್ಟೇ ಕಣ್ರೀ: ತನ್ನ ಆಸ್ತಿಯನ್ನು ನಮ್ಮ ಕಸ ಮಾಡಿತು. ಲಾರಿ, ಕ್ರೇಟು, ತೊಳೆಯುವ ಯಂತ್ರ, ಆಳುಕಾಳು ಎಲ್ಲದರ ಖರ್ಚೂ ಉಳಿಯಿತು.

ನಾನು ಹೇಳುತ್ತಿರುವುದು ಕೋಕಾ-ಕೋಲಾ ಬಗ್ಗೆ. ಸುತ್ತಿ ಬಳಸುವುದು ಬೇಡ. ಪೆಪ್ಸಿ ಸಾಚಾ ಅಂತಲ್ಲ. ನಮ್ಮ ಪುತ್ತೂರಿನ ಬಿಂದು ಜೀರಾ ಕೂಡ ಪ್ಲಾಸ್ಟಿಕ್ಕಿನಲ್ಲೇ ಬರುತ್ತದೆ, ಊರಿನವರು ಅಂತ ಅವರಿಗೆ ವಿನಾಯಿತಿ ಇಲ್ಲ. ಆದರೆ ಜಗತ್ತಿನ ಬೀದಿಗಳಲ್ಲಿ, ಕಡಲ ದಂಡೆಗಳಲ್ಲಿ ಕಸ ಹೆಕ್ಕಿ ಅದರ ಮೇಲಿನ ಬ್ರಾಂಡ್ ಹೆಸರು ಎಣಿಸುವ ಸ್ವಯಂಸೇವಕರ ಲೆಕ್ಕದಲ್ಲಿ ೨೦೧೮ರಿಂದ ೨೦೨೩ರ ತನಕ ಸತತ ಆರು ವರ್ಷ ಮೊದಲ ಸ್ಥಾನ ಈ ಕಂಪನಿಯದೇ. ೮೪ ದೇಶಗಳಲ್ಲಿ ಐದು ವರ್ಷ ನಡೆದ ಈ ಎಣಿಕೆಯನ್ನು ಕೂಡಿಸಿ ನೋಡಿದ ಅಧ್ಯಯನವೊಂದು ೨೦೨೪ರ ಏಪ್ರಿಲ್‌ನಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂತು. ಹೆಸರು ಓದಲು ಸಿಕ್ಕ ಪ್ಲಾಸ್ಟಿಕ್ ಕಸದಲ್ಲಿ ಶೇ. ೧೧ ಕೋಕಾ-ಕೋಲಾದ್ದು. ಈ ಕಂಪನಿಗೆ ಇಲ್ಲಿ ಬಾಟಲಿ ತುಂಬುವ ಹಿಂದೂಸ್ಥಾನ್ ಕೋಕಾ-ಕೋಲಾ ಬೆವರೇಜಸ್‌ನ ಮುಖ್ಯ ಕಚೇರಿ ಬೇರೆಲ್ಲೂ ಅಲ್ಲ, ನಮ್ಮ ಬೆಂಗಳೂರಿನಲ್ಲಿದೆ. ಕಾರ್ಖಾನೆ ಬಿಡದಿಯಲ್ಲಿದೆ.

ಹಳೇ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ೧೯೭೭ರಲ್ಲಿ ಈ ಕಂಪನಿ ಭಾರತ ಬಿಟ್ಟು ಹೋಯಿತು. ಆಗ ಕೈಗಾರಿಕಾ ಮಂತ್ರಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವಿದೇಶಿ ಪಾಲನ್ನು ಶೇ. ೪೦ಕ್ಕೆ ಇಳಿಸಿ ಅಂದಿತು ಸರಕಾರ, ಕಂಪನಿ ಗಂಟುಮೂಟೆ ಕಟ್ಟಿತು. ೧೯೯೩ರಲ್ಲಿ ಉದಾರೀಕರಣದ ಬಾಗಿಲಿನಿಂದ ಮತ್ತೆ ಒಳಗೆ ಬಂತು. ಬಂದದ್ದೇ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್‌ಗಳನ್ನು ಪಾರ್ಲೆಯಿಂದ ಕೊಂಡುಕೊಂಡಿತು. ೨೦೦೩ರಲ್ಲಿ ಐದು ರೂಪಾಯಿಗೆ ೨೦೦ ಮಿಲಿಲೀಟರ್ ಅಂತ ದೇಶಕ್ಕೆಲ್ಲ ಹಿಂದಿ ಜಾಹೀರಾತು ಹಂಚಿತಲ್ಲ, ಅದೂ ಗಾಜಿನ ಬಾಟಲಿಯೇ. ಐದು ರೂಪಾಯಿಗೆ ಕೊಡಲು ಸಾಧ್ಯವಾದದ್ದೇ ಬಾಟಲಿ ವಾಪಸ್ ಬರುತ್ತಿದ್ದುದರಿಂದ. ಅಂದರೆ ವಾಪಸ್ ಪಡೆದು ತುಂಬಿಸುವ ವಿದ್ಯೆ ಅವರಿಗೆ ಗೊತ್ತಿಲ್ಲ ಅಂತಲ್ಲ. ಚೆನ್ನಾಗಿಯೇ ಗೊತ್ತು.

ಇಲ್ಲಿ ಒಂದು ಮಾತು, ಭಾಷೆಯ ಮಾತು. ಕನ್ನಡದಲ್ಲಿ ನಾವು ‘ಮರುಬಳಕೆ’ ಅನ್ನುತ್ತೇವೆ. ಮತ್ತೆ ಬಳಸುವುದು. ಗಾಜಿನ ಬಾಟಲಿಯನ್ನು ತೊಳೆದು ತುಂಬಿಸುವುದು ಮರುಬಳಕೆ. ಪ್ಲಾಸ್ಟಿಕ್ ಬಾಟಲಿಯನ್ನು ಕತ್ತರಿಸಿ, ಪುಡಿ ಮಾಡಿ, ಕರಗಿಸಿ ನೂಲು ತೆಗೆಯುವುದು ರೀಸೈಕ್ಲಿಂಗ್. ಎರಡೂ ಒಂದೇ ಅಲ್ಲ. ಆದರೆ ಅನುವಾದದ ಸೋಮಾರಿತನದಲ್ಲಿ ನಮ್ಮ ಸರಕಾರಿ ಫಲಕಗಳು, ಪತ್ರಿಕೆಗಳು, ಕಂಪನಿಗಳ ಕರಪತ್ರಗಳು ಎರಡಕ್ಕೂ ‘ಮರುಬಳಕೆ’ ಅಂತಲೇ ಬರೆದವು. ಕಳ್ಳನಿಗೆ ಕತ್ತಲು ಸಿಕ್ಕ ಹಾಗಾಯಿತು. ಬಾಟಲಿಯನ್ನು ಒಂದೇ ಸಲ ಬಳಸಿ ಬಿಸಾಡಿಸುವವನೂ ‘ಮರುಬಳಕೆ ಮಾಡುತ್ತೇವೆ’ ಅಂತ ಎದೆ ತಟ್ಟಿಕೊಳ್ಳಬಹುದಾಯಿತು. ಈ ಬರಹದಲ್ಲಿ ಮರುಬಳಕೆ ಅಂದರೆ ಮರುಬಳಕೆ ಮಾತ್ರ. ಇನ್ನೊಂದಕ್ಕೆ ಅವರ ಪದವನ್ನೇ ಬಳಸುತ್ತೇನೆ.

ಈಗ ಮಾತು ಕೊಟ್ಟದ್ದು, ಮಾತು ಮುರಿದದ್ದು. ೧೯೯೦ರ ಡಿಸೆಂಬರ್‌ನಲ್ಲೇ ಅಮೆರಿಕದಲ್ಲಿ ಈ ಕಂಪನಿ ರೀಸೈಕಲ್ ಮಾಡಿದ ಪ್ಲಾಸ್ಟಿಕ್ ಸೇರಿಸಿದ ಬಾಟಲಿ ತರುತ್ತೇವೆ ಅಂತ ಘೋಷಿಸಿತ್ತು. ಮೂವತ್ತೈದು ವರ್ಷದ ಹಿಂದೆ! ನಿಮ್ಮಲ್ಲಿ ಬಹಳ ಜನ ಹುಟ್ಟಿರಲೇ ಇಲ್ಲ. ಆಮೇಲೆ ೨೦೧೫ರೊಳಗೆ ಬಾಟಲಿಯ ಪ್ಲಾಸ್ಟಿಕ್ಕಿನಲ್ಲಿ ಶೇ. ೨೫ ರೀಸೈಕಲ್ ಮಾಡಿದ್ದು ಅಥವಾ ಸಸ್ಯಮೂಲದ್ದು ಅಂದಿತು. ೨೦೧೫ ಬಂತು, ಹೋಯಿತು, ಗುರಿ ಮುಟ್ಟಲಿಲ್ಲ. ೨೦೧೮ರ ಜನವರಿಯಲ್ಲಿ ‘ಕಸವಿಲ್ಲದ ಜಗತ್ತು’ ಅಂತ ದೊಡ್ಡ ಹೆಸರಿಟ್ಟು ಇನ್ನೊಂದು ಘೋಷಣೆ: ೨೦೩೦ರೊಳಗೆ ಮಾರುವ ಪ್ರತಿ ಬಾಟಲಿ, ಪ್ರತಿ ಡಬ್ಬಿಗೆ ಒಂದರಂತೆ ವಾಪಸ್ ಸಂಗ್ರಹಿಸುತ್ತೇವೆ, ಪ್ಯಾಕಿಂಗಿನಲ್ಲಿ ಅರ್ಧದಷ್ಟು ರೀಸೈಕಲ್ ಮಾಡಿದ ವಸ್ತು ಇರುತ್ತದೆ. ೨೦೨೨ರ ಫೆಬ್ರವರಿಯಲ್ಲಿ ಅದರ ಮೇಲೊಂದು: ೨೦೩೦ರೊಳಗೆ ಮಾರಾಟದ ಕಾಲು ಭಾಗ ಮರುಬಳಕೆಯ ಬಾಟಲಿಗಳಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಈಜಿಪ್ಟಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಪ್ರಾಯೋಜಕರೂ ಇವರೇ. ಕೋಳಿಗೂಡಿನ ಉದ್ಘಾಟನೆಗೆ ನರಿಯೇ ಮುಖ್ಯ ಅತಿಥಿ!

೨೦೨೪ರ ಡಿಸೆಂಬರ್‌ನಲ್ಲಿ ಏನಾಯಿತು ಗೊತ್ತೇ? ಹಳೇ ಗುರಿಗಳನ್ನು ತೆಗೆದು ಹೊಸದು ಬರೆದರು. ಶೇ. ೧೦೦ ಸಂಗ್ರಹ ಅಂದದ್ದು ಶೇ. ೭೦ರಿಂದ ೭೫ಕ್ಕೆ ಇಳಿಯಿತು. ಅರ್ಧದಷ್ಟು ಅಂದದ್ದು ಶೇ. ೩೫ರಿಂದ ೪೦ ಆಯಿತು. ೨೦೩೦ ಅಂದದ್ದು ೨೦೩೫ ಆಯಿತು. ಮರುಬಳಕೆಯ ಬಾಟಲಿ ಕಾಲು ಭಾಗ ಅಂದಿದ್ದರಲ್ಲ, ಆ ಗುರಿ ಕಾಣೆಯೇ ಆಯಿತು. ನಿಜ ಹೇಳಬೇಕೆಂದರೆ ಅದು ಕಾಣೆಯಾಗುವ ಲಕ್ಷಣ ಮೊದಲೇ ಇತ್ತು. ೨೦೨೦ರಲ್ಲಿ ಅವರ ಮಾರಾಟದಲ್ಲಿ ಶೇ. ೧೬ ಮರುಬಳಕೆಯ ಬಾಟಲಿಗಳಲ್ಲಿತ್ತು. ಶೇ. ೨೫ಕ್ಕೆ ಏರಿಸುತ್ತೇವೆ ಅಂತ ಮಾತು ಕೊಟ್ಟ ೨೦೨೨ರಲ್ಲಿ ಅದು ಶೇ. ೧೪ಕ್ಕೆ ಇಳಿದಿತ್ತು.

ಎಸೆಸೆಲ್ಸಿಯಲ್ಲಿ ಫೇಲಾದ ಹುಡುಗ ಪಾಸಾಗಲು ಅಷ್ಟೊಂದು ಅಂಕ ಬೇಡ, ೨೦ ಸಾಕು ಅಂತ ತಾನೇ ಬೋರ್ಡಿಗೆ ಆದೇಶ ಕೊಟ್ಟರೆ ನಿಮ್ಮ ಮೇಷ್ಟ್ರು ಸುಮ್ಮನಿರುತ್ತಿದ್ದರೇ? ಇವರಿಗೆ ಮೇಷ್ಟ್ರೂ ಇವರೇ, ಬೋರ್ಡೂ ಇವರೇ.

ಗೆಳೆಯರೆ, ಶೇಕಡಾ ಲೆಕ್ಕದ ಮೋಸವನ್ನು ಸ್ವಲ್ಪ ನಿಧಾನವಾಗಿ ನೋಡಿ. ಒಂದು ಕಂಪನಿ ನೂರು ಟನ್ ಪ್ಲಾಸ್ಟಿಕ್ ಬಳಸುತ್ತಿದೆ, ಅದರಲ್ಲಿ ಶೇ. ೨೦ ಹಳೇ ಪ್ಲಾಸ್ಟಿಕ್ ಅಂತಿಟ್ಟುಕೊಳ್ಳಿ. ಹೊಸದಾಗಿ ತಯಾರಾದದ್ದು ೮೦ ಟನ್. ಮುಂದೆ ವ್ಯಾಪಾರ ಬೆಳೆದು ೧೫೦ ಟನ್ ಆಯಿತು, ಹಳೇ ಪ್ಲಾಸ್ಟಿಕ್ಕಿನ ಪಾಲು ಶೇ. ೪೦ಕ್ಕೆ ಏರಿತು. ‘ದುಪ್ಪಟ್ಟು ಸಾಧನೆ’ ಅಂತ ಪೂರ್ಣಪುಟದ ಜಾಹೀರಾತು. ಹೊಸ ಪ್ಲಾಸ್ಟಿಕ್ ಎಷ್ಟು? ೯೦ ಟನ್! ಸಾಧನೆಯೂ ಏರಿತು, ಕಸವೂ ಏರಿತು. ಅದಕ್ಕೇ ಇವರು ಟನ್ ಹೇಳಲು ಹಿಂದೆ ಮುಂದೆ ನೋಡುತ್ತಾರೆ. ಕೋಕಾ-ಕೋಲಾ ತನ್ನ ಪ್ಲಾಸ್ಟಿಕ್ ತೂಕವನ್ನು ಮೊದಲ ಬಾರಿಗೆ ಬಾಯಿ ಬಿಟ್ಟು ಹೇಳಿದ್ದೇ ೨೦೧೯ರಲ್ಲಿ: ೨೦೧೭ರ ಒಂದು ವರ್ಷಕ್ಕೆ ೩೦ ಲಕ್ಷ ಟನ್. ಅರ್ಧ ಲೀಟರ್ ಬಾಟಲಿಗಳಾಗಿ ಎಣಿಸಿದರೆ ನಿಮಿಷಕ್ಕೆ ಸುಮಾರು ಎರಡು ಲಕ್ಷ ಬಾಟಲಿ ಅಂತ ಪತ್ರಿಕೆಗಳು ಲೆಕ್ಕ ಹಾಕಿದವು. ‘ಕಸವಿಲ್ಲದ ಜಗತ್ತು’ ಘೋಷಿಸಿ ನಾಲ್ಕು ವರ್ಷದ ಮೇಲೆ, ೨೦೨೨ರಲ್ಲಿ ಅದು ೩೪ ಲಕ್ಷ ಟನ್ ದಾಟಿತ್ತು. ಹೀಗೇ ಹೋದರೆ ೨೦೩೦ಕ್ಕೆ ೪೧ ಲಕ್ಷ ಟನ್ ಅಂತ ಓಷಿಯಾನಾ ಸಂಸ್ಥೆ ೨೦೨೫ರಲ್ಲಿ ಅಂದಾಜು ಮಾಡಿದೆ.

ರೀಸೈಕ್ಲಿಂಗ್ ಅಂದರೂ ಏನು? ಹೆಚ್ಚಿನ ಬಾಟಲಿ ಮತ್ತೆ ಬಾಟಲಿಯಾಗುವುದಿಲ್ಲ. ಪುಡಿಯಾಗಿ, ಪಾಲಿಯೆಸ್ಟರ್ ನೂಲಾಗಿ ದಿಂಬಿನೊಳಗಿನ ತುಂಬುಗೆಯೋ ಟೀ-ಶರ್ಟೋ ಆಗುತ್ತದೆ. ಆ ಟೀ-ಶರ್ಟ್ ಹರಿದ ಮೇಲೆ ಅದಕ್ಕೆ ಮುಂದಿನ ಜನ್ಮವಿಲ್ಲ, ನೇರ ತಿಪ್ಪೆಗೆ. ಅತ್ತ ಕಂಪನಿ ಇನ್ನೊಂದು ಬಾಟಲಿಗೆ ಪೆಟ್ರೋಲಿಯಂನಿಂದ ಹೊಸ ಪ್ಲಾಸ್ಟಿಕ್ ತೆಗೆಯುತ್ತಲೇ ಇರುತ್ತದೆ. ೨೦೨೩ರ ವಿಶ್ವಕಪ್ ಕ್ರಿಕೆಟ್‌ನಲ್ಲಿ ಹಳೇ ಬಾಟಲಿಗಳ ನೂಲಿನಿಂದ ಬಾವುಟ ಮಾಡಿ ಮೈದಾನಕ್ಕೆ ತಂದು ಚಪ್ಪಾಳೆ ಗಿಟ್ಟಿಸಿದರು. ಬಾವುಟ ದೊಡ್ಡದೇ ಇತ್ತು. ಅದೇ ಮೈದಾನದ ಮೆಟ್ಟಿಲ ಮೇಲೆ ಬಿದ್ದ ಕಸ ಎಷ್ಟು ಅಂತ ಮಾತ್ರ ಯಾರೂ ಹೇಳಲಿಲ್ಲ.

ಇವರ ಅತ್ಯದ್ಭುತ ರೀಸೈಕ್ಲಿಂಗ್ ನೋಡಬೇಕೆಂದರೆ ಕೇರಳದ ಪ್ಲಾಚಿಮಡಕ್ಕೆ ಹೋಗಬೇಕು. ಪಾಲಕ್ಕಾಡ್ ಜಿಲ್ಲೆ. ೨೦೦೦ದಲ್ಲಿ ಅಲ್ಲಿ ಕೋಕಾ-ಕೋಲಾ ಕಾರ್ಖಾನೆ ಶುರುವಾಯಿತು. ಕಾರ್ಖಾನೆಯಿಂದ ಬರುವ ಕೆಸರನ್ನು ಏನು ಮಾಡುವುದು? ಗುಂಡಿ ತೋಡಿ ಹೂಳಲು ಖರ್ಚು. ಸುತ್ತಲಿನ ರೈತರಿಗೆ ಗೊಬ್ಬರ ಅಂತ ಕೊಟ್ಟರು! ಪಾಪ, ರೈತರು ತೆಂಗಿನ ಬುಡಕ್ಕೆ, ಗದ್ದೆಗೆ ಸುರಿದುಕೊಂಡರು. ೨೦೦೩ರ ಜುಲೈನಲ್ಲಿ ಬಿಬಿಸಿ ರೇಡಿಯೋದವರು ಆ ಕೆಸರಿನ ಮಾದರಿಯನ್ನು ಇಂಗ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದು ಕ್ಯಾಡ್ಮಿಯಂ ಮತ್ತು ಸೀಸ. ಕಂಪನಿ ಅದೇನೂ ಹಾನಿಯಿಲ್ಲ ಅಂತ ವಾದಿಸಿತು. ಅದಕ್ಕೂ ಮೊದಲೇ, ೨೦೦೨ರಿಂದ, ಬಾವಿ ನೀರು ಕೆಟ್ಟಿತು ಅಂತ ಗೇಟಿನೆದುರು ಕೂತಿದ್ದವರು ಮಯಿಲಮ್ಮ ಮತ್ತು ಆಕೆಯಂಥ ಆದಿವಾಸಿ ಹೆಂಗಸರು. ಡಿಗ್ರಿ ಇಲ್ಲ, ಇಂಗ್ಲಿಷ್ ಇಲ್ಲ. ೨೦೦೪ರ ಮಾರ್ಚ್‌ನಲ್ಲಿ ಕಾರ್ಖಾನೆ ನಿಂತಿತು. ೨೦೧೦ರಲ್ಲಿ ಸರಕಾರದ ಉನ್ನತಾಧಿಕಾರ ಸಮಿತಿ ಹಾನಿಯನ್ನು ೨೧೬ ಕೋಟಿ ೨೬ ಲಕ್ಷ ರೂಪಾಯಿ ಅಂತ ಲೆಕ್ಕ ಹಾಕಿತು. ಪರಿಹಾರಕ್ಕಾಗಿ ೨೦೧೧ರಲ್ಲಿ ಕೇರಳ ವಿಧಾನಸಭೆ ಒಂದು ಮಸೂದೆ ಪಾಸು ಮಾಡಿತು. ದೆಹಲಿ ಅದಕ್ಕೆ ಅಂಕಿತ ಕೊಡಲಿಲ್ಲ. ಒಂದು ರಾಜ್ಯದ ಶಾಸನಸಭೆಯ ಮಾತಿಗೆ ದೆಹಲಿಯಲ್ಲಿ ಎಷ್ಟು ಬೆಲೆ ಅಂತ ಕನ್ನಡಿಗರಿಗೆ ಬೇರೆ ಯಾರೂ ಪಾಠ ಹೇಳಬೇಕಿಲ್ಲ.

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನ ಕಸ ಮಾವಳ್ಳಿಪುರದ ನೀರು ಕೆಡಿಸಿತು, ೨೦೧೨ರಲ್ಲಿ ಅಲ್ಲಿ ಸುರಿಯುವುದು ನಿಂತಿತು. ಆಮೇಲೆ ಮಂಡೂರು. ಜನ ರಸ್ತೆಗೆ ಅಡ್ಡ ಮಲಗಿದ ಮೇಲೆ, ೨೦೧೪ರ ಡಿಸೆಂಬರ್ ಹೊತ್ತಿಗೆ ಅಲ್ಲೂ ನಿಂತಿತು. ಆಮೇಲೆ ಮಿಟ್ಟಗಾನಹಳ್ಳಿಯ ಕ್ವಾರಿ. ಕೋರಮಂಗಲದಲ್ಲಿ ಕುಡಿದ ಬಾಟಲಿಗೆ ಮಂಡೂರಿನ ಮಕ್ಕಳು ಕೆಮ್ಮಬೇಕು. ಅದರ ಮೇಲೆ ೨೦೨೫ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆಗಳಿಗೆ ಆಸ್ತಿ ತೆರಿಗೆಯ ಜೊತೆಗೆ ಕಸದ ಶುಲ್ಕ ಬೇರೆ. ಯೋಚಿಸಿ: ಬಾಟಲಿ ಮಾಡಿದವನು ಲಾಭ ಎಣಿಸುತ್ತಾನೆ, ಅದನ್ನು ಎತ್ತಿ ಸಾಗಿಸಲು ನೀವು ಶುಲ್ಕ ಕಟ್ಟುತ್ತೀರಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

‘ಭಾರತದಲ್ಲಿ ಬಾಟಲಿಗಳು ಬಹುಪಾಲು ವಾಪಸ್ ಬರುತ್ತವೆ’ ಅಂತ ಉದ್ಯಮದವರು ಹೆಮ್ಮೆಯಿಂದ ಹೇಳುತ್ತಾರೆ. ಬರುತ್ತವೆ, ನಿಜ. ತರುವವರು ಯಾರು? ಬೆಳಗಿನ ಜಾವ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಚರಂಡಿಗೆ ಕೈ ಹಾಕುವ ಹೆಂಗಸರು, ಹುಡುಗರು. ಅವರು ಆಯ್ದದ್ದು ನಾಯಂಡಹಳ್ಳಿಯ, ಜಾಲಿ ಮೊಹಲ್ಲಾದ ಗುಜರಿಗಳಿಗೆ ಹೋಗುತ್ತದೆ. ಬಣ್ಣದ ಬಾಟಲಿಗೆ ಕಡಿಮೆ ಬೆಲೆ. ಪೇಟೆಯಲ್ಲಿ ದರ ಬಿದ್ದ ದಿನ ಅವರ ಮನೆಯಲ್ಲಿ ಒಲೆ ಹತ್ತುವುದು ಕಷ್ಟ. ೨೦೧೧ರಲ್ಲಿ ಬಿಬಿಎಂಪಿ ಇವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಅಲ್ಲಿಯ ತನಕ ಪೊಲೀಸಿನವನ ಕಣ್ಣಿಗೆ ಅವರು ಕಳ್ಳರು. ಈ ಜನರ ಬೆವರನ್ನು ಒಟ್ಟು ಹಾಕಿ ಅದಕ್ಕೆ ‘ರೀಸೈಕ್ಲಿಂಗ್ ದರ’ ಅಂತ ಹೆಸರಿಟ್ಟು ಇಂಗ್ಲಿಷ್ ವರದಿಯಲ್ಲಿ ಅಚ್ಚು ಹಾಕುತ್ತಾರೆ. ಹೆಕ್ಕಿದವಳ ಹೆಸರು ಅದರಲ್ಲಿ ಇರುವುದಿಲ್ಲ.

ಕಾನೂನು ಏನು ಮಾಡಿತು? ೨೦೧೬ರ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ನಿಷೇಧಿಸಿತು. ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸು ಎಲ್ಲಾ ಬಂದ್. ಆದರೆ ಕಾರ್ಖಾನೆಯಲ್ಲೇ ಪ್ಯಾಕ್ ಆಗಿ ಬಂದದ್ದಕ್ಕೆ ವಿನಾಯಿತಿ. ಕೆ.ಆರ್. ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಕೈಚೀಲ ಕಿತ್ತುಕೊಂಡು ದಂಡ ಹಾಕಿದರು, ಬಿಡದಿಯಿಂದ ಹೊರಟ ಲಾರಿಗೆ ಸಲಾಮು ಹೊಡೆದರು. ೨೦೨೨ರ ಜುಲೈಯಲ್ಲಿ ಕೇಂದ್ರದ ನಿಷೇಧ ಬಂತು, ಅದರಲ್ಲೂ ಬಾಟಲಿಯ ಹೆಸರಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಬಂದ ಕೇಂದ್ರದ ನಿಯಮ ಕಂಪನಿಗಳು ತಾವು ಮಾರಿದಷ್ಟು ಪ್ಲಾಸ್ಟಿಕ್ಕಿಗೆ ಜವಾಬ್ದಾರರು ಅಂದಿತು. ಕೇಳಲು ಚೆಂದ. ಒಳಗೆ ಹೊಕ್ಕು ನೋಡಿ. ೯೦೦ ಮಿಲಿಲೀಟರ್ ದಾಟಿದ ಬಾಟಲಿಗಳಿಗೆ ಒಂದಿಷ್ಟು ಮರುಬಳಕೆಯ ಗುರಿ ಇದೆ. ಅದಕ್ಕಿಂತ ಚಿಕ್ಕದಕ್ಕೆ ಇಲ್ಲವೇ ಇಲ್ಲ. ನೀವು ಬಸ್‌ಸ್ಟ್ಯಾಂಡಿನಲ್ಲಿ ಕೊಳ್ಳುವ ೨೫೦ ಮಿಲಿಯ ಬಾಟಲಿ ಪೂರ್ತಿ ಪಾರು.

ಇನ್ನೂ ಇದೆ. ಕಂಪನಿ ತನ್ನದೇ ಬಾಟಲಿಯನ್ನು ವಾಪಸ್ ತರಬೇಕಿಲ್ಲ. ದೇಶದ ಯಾವ ಮೂಲೆಯಲ್ಲಾದರೂ ಯಾರದೋ ಪ್ಲಾಸ್ಟಿಕ್ ರೀಸೈಕಲ್ ಆಯಿತು ಅನ್ನುವ ಪ್ರಮಾಣಪತ್ರ ಕೊಂಡರೆ ಸಾಕು. ಬಾಟಲಿ ನಮ್ಮ ಕೆರೆಯಲ್ಲಿ, ಪ್ರಮಾಣಪತ್ರ ಗುಜರಾತಿನಲ್ಲಿ! ಕಾಗದದಲ್ಲಿ ಕರ್ನಾಟಕ ಸ್ವಚ್ಛ. ಆ ಪ್ರಮಾಣಪತ್ರಗಳಾದರೂ ಎಂಥವು? ೨೦೨೩ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬೆರಳೆಣಿಕೆಯ ರೀಸೈಕ್ಲಿಂಗ್ ಘಟಕಗಳನ್ನು ತಪಾಸಣೆ ಮಾಡಿದಾಗ ಸುಮಾರು ಆರು ಲಕ್ಷ ನಕಲಿ ಪ್ರಮಾಣಪತ್ರ ಸಿಕ್ಕವು. ಗುಜರಾತ್, ಮಹಾರಾಷ್ಟ್ರ, ಜೊತೆಗೆ ನಮ್ಮ ಕರ್ನಾಟಕ. ಅವನ್ನು ಕೋಕಾ-ಕೋಲಾ ಕೊಂಡಿತು ಅಂತ ನಾನು ಹೇಳುತ್ತಿಲ್ಲ. ಇಂಥ ಕಾಗದದ ಮೇಲೆ ನಿಂತ ಶೇಕಡಾ ಲೆಕ್ಕವನ್ನು ನಂಬಿ ಅಂತ ನಿಮಗೆ ಹೇಳುತ್ತಿದ್ದಾರಲ್ಲ, ಅದಕ್ಕೆ ಸಿಟ್ಟು.

‘ಜನ ಬಿಸಾಡುತ್ತಾರೆ, ಕಂಪನಿ ಏನು ಮಾಡುತ್ತೆ?’ ಅನ್ನುವ ಗೆಳೆಯರು ನಿಮ್ಮಲ್ಲೂ ಇದ್ದಾರೆ. ಆ ಮಾತು ನಿಮ್ಮದಲ್ಲ, ಕಲಿಸಿದ್ದು. ಅಮೆರಿಕದಲ್ಲಿ ೧೯೫೩ರಲ್ಲಿ ವರ್ಮಾಂಟ್ ಅನ್ನುವ ರಾಜ್ಯ ಬಿಸಾಡುವ ಬಿಯರ್ ಬಾಟಲಿಯನ್ನು ನಿಷೇಧಿಸಿದ ವರ್ಷವೇ ಡಬ್ಬಿ, ಬಾಟಲಿ, ಪಾನೀಯದ ಕಂಪನಿಗಳು ಸೇರಿ ‘ದೇಶ ಸುಂದರವಾಗಿಡಿ’ ಅಂತ ಒಂದು ಸಂಘ ಕಟ್ಟಿದವು. ೧೯೭೧ರಲ್ಲಿ ಆ ಸಂಘ ಒಂದು ಟೀವಿ ಜಾಹೀರಾತು ಮಾಡಿತು. ಕಸ ಕಂಡು ಮೂಲನಿವಾಸಿ ಇಂಡಿಯನ್ ಒಬ್ಬ ಕಣ್ಣೀರು ಹಾಕುತ್ತಾನೆ, ತಪ್ಪು ಜನರದ್ದು. ಆ ನಟ ಮೂಲನಿವಾಸಿಯೂ ಅಲ್ಲ, ಇಟಲಿ ಮೂಲದವ! ಕಣ್ಣೀರೂ ನಕಲಿ, ಇಂಡಿಯನ್ನೂ ನಕಲಿ.

ಜನ ಬಿಸಾಡುವುದು ಬಾಟಲಿಗೆ ಬೆಲೆ ಇಲ್ಲದ್ದರಿಂದ. ನೀಲಗಿರಿಯಲ್ಲಿ ೨೦೨೨ರಿಂದ ತಮಿಳುನಾಡಿನ ಸರಕಾರಿ ಮದ್ಯದಂಗಡಿಗಳು, ಮದ್ರಾಸ್ ಹೈಕೋರ್ಟಿನ ಒತ್ತಾಯಕ್ಕೆ, ಬಾಟಲಿಗೆ ಹತ್ತು ರೂಪಾಯಿ ಮುಂಗಡ ಹಿಡಿಯತೊಡಗಿದವು. ವಾಪಸ್ ಕೊಟ್ಟರೆ ಹತ್ತು ರೂಪಾಯಿ ಕೈಗೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಾಟಲಿ ವಾಪಸ್ ಬಂದವು. ಕುಡುಕರೇ ತಂದುಕೊಟ್ಟಿದ್ದಾರೆ ಸ್ವಾಮಿ! ಕಾವೇರಿ ವಿಷಯದಲ್ಲಿ ತಮಿಳುನಾಡಿನ ಜೊತೆ ನಮ್ಮ ಜಗಳ ಜಗಳವೇ, ಆದರೆ ಈ ಒಂದು ಬುದ್ಧಿಯನ್ನು ಅವರಿಂದ ಕಲಿತರೆ ನಮ್ಮ ಗಂಟೇನೂ ಹೋಗದು. ಜರ್ಮನಿಯಲ್ಲಿ ೨೦೦೩ರಿಂದ ಬಿಸಾಡುವ ಬಾಟಲಿಗೆ ೨೫ ಸೆಂಟ್ ಮುಂಗಡ. ಅಲ್ಲೂ ಇದೇ ಕೋಕಾ-ಕೋಲಾ ಆ ಕಾನೂನಿಗೆ ತಲೆಬಾಗಿ ವ್ಯಾಪಾರ ಮಾಡುತ್ತಿದೆ, ದಿವಾಳಿ ಎದ್ದಿಲ್ಲ. ಬರ್ಲಿನ್ನಿನಲ್ಲಿ ಬಾಟಲಿಗೆ ಬೆಲೆ ಇದೆ, ಬಳ್ಳಾರಿಯಲ್ಲಿ ಯಾಕಿಲ್ಲ?

ನಮ್ಮ ಬೇಡಿಕೆ ಇಷ್ಟು: ಕರ್ನಾಟಕದಲ್ಲಿ ಮಾರುವ ಪ್ರತಿ ಬಾಟಲಿಗೆ ಮುಂಗಡ ಹಿಡಿಯಬೇಕು, ವಾಪಸ್ ಕೊಟ್ಟವರಿಗೆ ಅಂಗಡಿಯಲ್ಲೇ ಮರಳಿಸಬೇಕು. ಹೆಕ್ಕಿ ತಂದ ಬಡವರಿಗೂ ಅದೇ ದುಡ್ಡು ಸಿಗಬೇಕು. ಇಲ್ಲಿ ಎಷ್ಟು ಟನ್ ಮಾರಿದರು, ಇಲ್ಲೇ ಎಷ್ಟು ಟನ್ ವಾಪಸ್ ಪಡೆದರು ಅನ್ನುವ ಲೆಕ್ಕ ರಾಜ್ಯವಾರು ಬೇಕು, ಕನ್ನಡದಲ್ಲಿ ಬೇಕು. ಯುಗಾದಿಗೆ, ದಸರಾಕ್ಕೆ ಮಾರಲು ಕನ್ನಡ ಬರುತ್ತದೆ ಅಂದಮೇಲೆ ಲೆಕ್ಕ ಕೊಡುವಾಗ ಮರೆತುಹೋಗುವುದು ಹೇಗೆ?

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಯಾವುದೇ ದೊಡ್ಡ ಕಾರ್ಖಾನೆ ಪ್ರತಿ ವರ್ಷ ಸೆಪ್ಟೆಂಬರ್ ೩೦ರೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪರಿಸರ ಹೇಳಿಕೆ ಕೊಡಬೇಕು ಅಂತ ಕಾನೂನಿದೆ. ಅದರ ಹೆಸರು ನಮೂನೆ ೫. ಎಷ್ಟು ನೀರು ಬಳಸಿದರು, ಎಷ್ಟು ಘನತ್ಯಾಜ್ಯ ಹುಟ್ಟಿತು, ಒಳಗೇ ಎಷ್ಟು ಬಳಸಿದರು, ಹೊರಗೆ ಎಷ್ಟು ಮಾರಿದರು, ಎಲ್ಲಿ ಸುರಿದರು, ಎಲ್ಲ ಅದರಲ್ಲಿ ಇರಬೇಕು. ಒಂದು ಎಚ್ಚರ: ಅದು ಗೇಟಿನೊಳಗಿನ ಕಸದ ಲೆಕ್ಕ ಮಾತ್ರ. ಗೇಟು ದಾಟಿದ ಬಾಟಲಿ ಅವರ ಪುಸ್ತಕದಲ್ಲಿ ಕಸವಲ್ಲ, ಸರಕು. ಅದಕ್ಕೇ ಎರಡು ಅರ್ಜಿ ಹಾಕಿ. ಮೊದಲನೆಯದರಲ್ಲಿ ಬಿಡದಿ ಕಾರ್ಖಾನೆಯ ಕಳೆದ ಐದು ವರ್ಷದ ನಮೂನೆ ೫ರ ಪ್ರತಿ ಕೇಳಿ. ಎರಡನೆಯದರಲ್ಲಿ ರಾಜ್ಯದಲ್ಲಿ ನೋಂದಣಿಯಾದ ಪ್ಲಾಸ್ಟಿಕ್ ರೀಸೈಕ್ಲಿಂಗ್ ಘಟಕಗಳು ಯಾವುವು, ಎಷ್ಟನ್ನು ಅಧಿಕಾರಿಗಳು ಹೋಗಿ ಕಣ್ಣಾರೆ ನೋಡಿದ್ದಾರೆ, ಎಷ್ಟರ ಮೇಲೆ ಕ್ರಮ ಕೈಗೊಂಡಿದ್ದಾರೆ ಅಂತ ಕೇಳಿ.

ಮಂಡಳಿಯ ಕಚೇರಿ ಚರ್ಚ್ ಸ್ಟ್ರೀಟಿನ ಪರಿಸರ ಭವನ. ವಾರಾಂತ್ಯಕ್ಕೆ ನೀವು ಕೂಲ್‌ಡ್ರಿಂಕ್ ಹಿಡಿದು ತಿರುಗುವ ಬೀದಿಯೇ. ಮಾಹಿತಿ ಹಕ್ಕಿನ ಶುಲ್ಕ ಹತ್ತು ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ೧೫೦ ಪದ ಮೀರಬಾರದು, ಇಲ್ಲದಿದ್ದರೆ ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ. ಕನ್ನಡದಲ್ಲೇ ಬರೆಯಿರಿ, ಕಾನೂನೇ ಅದಕ್ಕೆ ಹಕ್ಕು ಕೊಟ್ಟಿದೆ. ೩೦ ದಿನ ಕಾಯಿರಿ, ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ. ಬಂದ ಉತ್ತರದ ನಕಲನ್ನು ನಿಮ್ಮ ಬಡಾವಣೆಯ ಸಂಘಕ್ಕೂ ನಮ್ಮ ಪತ್ರಿಕೆಗೂ ಕಳಿಸಿ, ಟನ್ ಲೆಕ್ಕವನ್ನು ಹಾಗೇ ಅಚ್ಚು ಹಾಕುತ್ತೇವೆ. ಉತ್ತರ ಬರೀ ಇಂಗ್ಲಿಷಿನಲ್ಲಿ ಬಂದರೆ, ಕನ್ನಡದಲ್ಲಿ ಕೊಡಿ ಅಂತ ಮತ್ತೊಂದು ಅರ್ಜಿ ಹಾಕಿ.